ನಾಲ್ಕು ಡಿಸ್ಕು, ಒಂದು ಪೆಟ್ಟಿಗೆ: ಮದುವೆ ಫೋಟೋಗಳಿಗಾಗಿ ಮನೆಯಲ್ಲೇ ಕಟ್ಟಿದ ಸರ್ವರ್

ನಮ್ಮಣ್ಣ ಮಂಡ್ಯದಲ್ಲಿ ಮದುವೆ ಫೋಟೋಗ್ರಾಫರ್. ಸ್ಟುಡಿಯೋ ಪೇಟೆಯಲ್ಲಿದೆ. ಎಡಿಟಿಂಗ್ ಮಾತ್ರ ಗುತ್ತಲು ರಸ್ತೆ ಕಡೆಯ ನಮ್ಮ ಮನೆಯಲ್ಲೇ ನಡೆಯುತ್ತದೆ. ಈಗಿನ ಮದುವೆಯಲ್ಲಿ ಚಪ್ಪರ, ರಿಸೆಪ್ಷನ್, ಮುಹೂರ್ತ, ಬೀಗರ ಊಟ ಎಲ್ಲವನ್ನೂ ತೆಗೆಯಬೇಕು. ಎರಡು ಮೂರು ಕ್ಯಾಮೆರಾ, ಮೇಲೊಂದು ಡ್ರೋನ್. ಒಂದು ಮದುವೆಗೆ 300 ಜಿಬಿ ಸಲೀಸಾಗಿ ತುಂಬುತ್ತದೆ. ಆಲ್ಬಂ ಕೊಟ್ಟ ಮೇಲೆ ಕಚ್ಚಾ ವಿಡಿಯೋ ಅಳಿಸಿ, ಫೋಟೋ ಮತ್ತು ಎಡಿಟ್ ಆದ ವಿಡಿಯೋ ಮಾತ್ರ ಇಟ್ಟುಕೊಂಡರೂ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಇರುತ್ತದೆ. ಅದೆಲ್ಲ ಪೋರ್ಟಬಲ್ ಹಾರ್ಡ್ ಡಿಸ್ಕ್‌ಗಳಲ್ಲಿತ್ತು. ಒಂದು ತುಂಬಿದರೆ ಇನ್ನೊಂದು. ಮೇಲೆ ಮಾರ್ಕರ್‌ನಲ್ಲಿ ವರ್ಷ ಬರೆದು ಬೀರುವಿನಲ್ಲಿ ಇಡುವುದು. ನಮ್ಮ ಕಡೆ ಎಷ್ಟೋ ಸ್ಟುಡಿಯೋದವರು ಹೀಗೇ ಮಾಡುತ್ತಾರೆ.

ಹಲಗೂರು ಕಡೆಯ ಒಬ್ಬರು ಬಂದು 2016ರ ತಮ್ಮ ಮದುವೆಯ ಫೋಟೋ ಕೇಳಿದರು. ಅವರ ತಾಯಿ ತೀರಿಕೊಂಡಿದ್ದರು. ಧಾರೆ ಎರೆಯುವಾಗ ತಾಯಿ ಪಕ್ಕದಲ್ಲಿ ನಿಂತಿದ್ದ ಫೋಟೋ ದೊಡ್ಡದಾಗಿ ಬೇಕಿತ್ತು. ಆ ವರ್ಷದ ಡಿಸ್ಕ್ ಹಾಕಿದರೆ ಫೋಲ್ಡರ್ ಕಾಣಿಸಿತು. ಆದರೆ ಕಾಪಿ ಮಾಡಲು ಹೋದರೆ ನಿಂತುಬಿಡುತ್ತಿತ್ತು. ಕೆಲವು ಫೋಟೋಗಳು ಅರ್ಧ ಮಾತ್ರ ತೆರೆದುಕೊಂಡವು. ಮೇಲೆ ಮದುಮಕ್ಕಳ ಮುಖ, ಕೆಳಗೆ ಬರೀ ಬೂದು ಬಣ್ಣ. ಬೆಂಗಳೂರಿನ ಒಂದು ಡೇಟಾ ರಿಕವರಿ ಅಂಗಡಿಯಲ್ಲಿ ಹೇಳಿದ ರೇಟಿಗೆ ಅಂಥ ಹಲವು ಡಿಸ್ಕ್ ಬರುತ್ತಿದ್ದವು.

ನಾನು ಮೈಸೂರಿನ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಅವತ್ತೇ ಅಣ್ಣನಿಗೆ ಹೇಳಿದೆ, ಇನ್ನು ಈ ಬೀರು ವ್ಯವಹಾರ ಬೇಡ ಅಂತ.

"ಇರೋ ದುಡ್ಡಲ್ಲಿ ಇನ್ನೆರಡು ದೊಡ್ಡ ಡಿಸ್ಕ್ ತಗೊಂಡ್ರೆ ಆಗಲ್ವೇನ್ಲಾ?" ಅಂದ.

"ಅವೂ ಒಂದಿನ ಹೋಗ್ತವೆ ಕಣಣ್ಣ. ಹೋದಾಗ ನಮ್ಗೆ ತಿಳೀಬೇಕು, ಹೋದ್ರೂ ಕೆಲ್ಸ ನಿಲ್ಬಾರ್ದು. ಹಂಗೆ ಕಟ್ಟೋಣ."

ಈ ಕೆಲಸದಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಇದೇ. ಎಷ್ಟು ಟಿಬಿ ಜಾಗ ಅನ್ನುವುದು ಎರಡನೇ ಮಾತು. ಡಿಸ್ಕ್ ಸಾಯುವುದು ಖಂಡಿತ ಅಂತ ಇಟ್ಟುಕೊಂಡು ಲೆಕ್ಕ ಹಾಕಬೇಕು.

ಕ್ಲೌಡ್ ಬಗ್ಗೆಯೂ ಯೋಚಿಸಿದೆವು. ಇಷ್ಟು ಟಿಬಿ ಇಡಲು ತಿಂಗಳು ತಿಂಗಳು ಕಟ್ಟುವ ದುಡ್ಡು ಕೆಲವೇ ವರ್ಷಗಳಲ್ಲಿ ಡಿಸ್ಕ್‌ಗಳ ಬೆಲೆಯನ್ನು ದಾಟುತ್ತದೆ. ಅಪ್‌ಲೋಡ್ ಅಂತೂ ಮುಗಿಯುವುದೇ ಇಲ್ಲ. ರೆಡಿಮೇಡ್ ನ್ಯಾಸ್ ಪೆಟ್ಟಿಗೆಗಳು, ಅಂದರೆ ಹಲವು ಡಿಸ್ಕ್ ಹಾಕಿ ಮನೆಯ ನೆಟ್‌ವರ್ಕ್‌ಗೆ ಜೋಡಿಸುವಂಥವು, ಚೆನ್ನಾಗಿವೆ, ಆದರೆ ನಾಲ್ಕು ಡಿಸ್ಕ್ ಹಿಡಿಸುವ ಖಾಲಿ ಪೆಟ್ಟಿಗೆಗೇ ಬೆಲೆ ಜಾಸ್ತಿ. ಕೆಟ್ಟರೆ ರಿಪೇರಿಗೆ ಎಲ್ಲಿಗೆ ಕಳಿಸಬೇಕೋ. ಮಾಮೂಲಿ ಕಂಪ್ಯೂಟರ್ ಆದರೆ ಮಂಡ್ಯದಲ್ಲೇ ಪವರ್ ಸಪ್ಲೈ ಸಿಗುತ್ತದೆ, ರ‍್ಯಾಮ್ ಸಿಗುತ್ತದೆ. ಅದಕ್ಕೇ ಕಂಪ್ಯೂಟರ್ ಅಂತಲೇ ತೀರ್ಮಾನ ಮಾಡಿದೆವು.

ಹಳೆಯ ಆಫೀಸ್ ಡೆಸ್ಕ್‌ಟಾಪ್ ಕಡಿಮೆ ಬೆಲೆಗೆ ಸಿಗುತ್ತದೆ ಅಂತ ಬಹಳ ಜನ ಅದನ್ನೇ ತಗೊಳ್ಳುತ್ತಾರೆ. ತಗೊಳ್ಳುವ ಮುಂಚೆ ಒಳಗೆ ಇಣುಕಿ ನೋಡಬೇಕು. ಅಂಥ ಎಷ್ಟೋ ಪೆಟ್ಟಿಗೆಗಳಲ್ಲಿ ದೊಡ್ಡ ಡಿಸ್ಕ್‌ಗೆ ಒಂದೆರಡೇ ಜಾಗ ಇರುತ್ತದೆ. ಪವರ್ ಸಪ್ಲೈ ಕನೆಕ್ಟರ್ ಆ ಕಂಪನಿಗೆ ಮಾತ್ರ ಹೊಂದುವಂಥದ್ದು. ನಾವು ಮೈಸೂರಿನಲ್ಲಿ ಆರು ಸಾಟಾ ಪೋರ್ಟ್ (ಡಿಸ್ಕ್ ಜೋಡಿಸುವ ಕಿಂಡಿ) ಇರುವ ಸೆಕೆಂಡ್ ಹ್ಯಾಂಡ್ ಮದರ್‌ಬೋರ್ಡ್, ಅದರ ಪ್ರೊಸೆಸರ್ ಮತ್ತು 16 ಜಿಬಿ ರ‍್ಯಾಮ್ ಹುಡುಕಿಕೊಂಡೆವು. ಕ್ಯಾಬಿನೆಟ್ ಮಾತ್ರ ಹೊಸದು. ಮುಂಭಾಗದಲ್ಲಿ ದೊಡ್ಡ ಫ್ಯಾನ್ ಇರುವುದನ್ನೇ ತಂದೆವು. ಪವರ್ ಸಪ್ಲೈ ಕೂಡ ಹೊಸದೇ. ಇದರಲ್ಲಿ ದುಡ್ಡು ಉಳಿಸಲು ಹೋಗಬಾರದು. ಒಂದು 3.5 ಇಂಚಿನ ಡಿಸ್ಕ್ ತಿರುಗಲು ಶುರು ಮಾಡುವಾಗ 12 ವೋಲ್ಟ್ ಲೈನಿನಲ್ಲಿ ಸುಮಾರು 2 ಆಂಪ್ ಎಳೆಯುತ್ತದೆ. ನಾಲ್ಕೂ ಒಟ್ಟಿಗೆ ಏಳುವಾಗ ಡಿಸ್ಕ್‌ಗಳಿಗೇ 100 ವ್ಯಾಟ್ ಹತ್ತಿರ ಬೇಕು. ಕನೆಕ್ಟರ್ ಸಾಲಲಿಲ್ಲ ಅಂತ ಕಡಿಮೆ ಬೆಲೆಯ ಸ್ಪ್ಲಿಟರ್ ಹಾಕುವುದು ಬೇಡವೇ ಬೇಡ. ಒಳಗೆ ಶಾರ್ಟ್ ಆಗಿ ಪ್ಲಾಸ್ಟಿಕ್ ಕರಗುವುದು ಅಂಥದ್ದರಲ್ಲೇ. ಸಾಟಾ ಪವರ್ ಕನೆಕ್ಟರ್ ನಾಲ್ಕಾದರೂ ನೇರವಾಗಿ ಇರುವ ಪವರ್ ಸಪ್ಲೈ ತಗೊಂಡರೆ ಆ ಚಿಂತೆಯೇ ಇಲ್ಲ.

ಡಿಸ್ಕ್ ಆರಿಸುವುದು ಇದಕ್ಕಿಂತ ಸೂಕ್ಷ್ಮ. ಡಬ್ಬದ ಮೇಲೆ 8 ಟಿಬಿ ಅಂತ ಇದ್ದರೆ ಸಾಲದು. ಒಳಗೆ ಬರೆಯುವ ರೀತಿ ಸಿಎಂಆರ್ ಆ, ಎಸ್‌ಎಂಆರ್ ಆ ಅಂತ ನೋಡಬೇಕು. ಸಿಎಂಆರ್‌ನಲ್ಲಿ ಟ್ರ್ಯಾಕ್‌ಗಳು, ಅಂದರೆ ಡೇಟಾ ಬರೆಯುವ ಸಾಲುಗಳು, ಪಕ್ಕಪಕ್ಕದಲ್ಲಿ ಬಿಡಿಯಾಗಿ ಇರುತ್ತವೆ. ಎಸ್‌ಎಂಆರ್ ಡಿಸ್ಕ್‌ನಲ್ಲಿ ಒಂದು ಟ್ರ್ಯಾಕ್ ಇನ್ನೊಂದರ ಅಂಚಿನ ಮೇಲೆ ಕೂರುತ್ತದೆ, ಮನೆ ಮೇಲೆ ಹೆಂಚು ಹೊದಿಸಿದ ಹಾಗೆ. ಮಧ್ಯದ ಒಂದು ಹೆಂಚು ಬದಲಿಸಬೇಕಾದರೆ ಅದರ ಮೇಲಿನವನ್ನೂ ಎತ್ತಬೇಕಲ್ವಾ? ಇಲ್ಲೂ ಹಾಗೇ. ಒಂದು ಕಡೆ ತಿದ್ದಿದರೆ ಆ ಪಟ್ಟಿಯನ್ನೆಲ್ಲ ಮತ್ತೆ ಬರೆಯಬೇಕು. ಸುಮ್ನೆ ಫೈಲ್ ತುಂಬಿಡಲು ಇದು ಪರವಾಗಿಲ್ಲ. ಆದರೆ ನಾಲ್ಕರಲ್ಲಿ ಒಂದು ಹೋಗಿ, ಹೊಸದನ್ನು ಹಾಕಿ, ಅದರ ಮೇಲೆ ಗಂಟೆಗಟ್ಟಲೆ ಎಡೆಬಿಡದೆ ಬರೆಯುವಾಗ ವೇಗ ಪಾತಾಳಕ್ಕೆ ಬೀಳುತ್ತದೆ. ಕಾದು ಕಾದು ಕೊನೆಗೆ ಸರ್ವರ್ ಆ ಹೊಸ ಡಿಸ್ಕನ್ನೇ ಕೆಟ್ಟಿದೆ ಅಂತ ಹೊರಗೆ ಹಾಕಬಹುದು. ನ್ಯಾಸ್‌ಗೆ ಅಂತಲೇ ಮಾರುವ ಕೆಲವು ಡಿಸ್ಕ್‌ಗಳೂ ಎಸ್‌ಎಂಆರ್ ಅನ್ನುವುದು 2020ರಲ್ಲಿ ಹೊರಬಿದ್ದು ದೊಡ್ಡ ಗಲಾಟೆ ಆಯಿತು. ಆಮೇಲೆ ಕಂಪನಿಗಳು ಯಾವ ಮಾಡೆಲ್ ಯಾವುದು ಅಂತ ಪಟ್ಟಿ ಹಾಕಿದವು. ಮಾಡೆಲ್ ನಂಬರ್ ಹಿಡಿದು ಆ ಪಟ್ಟಿಯಲ್ಲಿ ನೋಡಿಯೇ ತಗೊಳ್ಳಬೇಕು.

ನಾಲ್ಕು ಡಿಸ್ಕನ್ನೂ ಒಂದೇ ಅಂಗಡಿಯಲ್ಲಿ ತಗೊಳ್ಳಲಿಲ್ಲ. ಎರಡು ಮೈಸೂರಿನದು, ಎರಡು ಬೆಂಗಳೂರಿನ ಎಸ್.ಪಿ. ರಸ್ತೆಯದು. ಒಂದೇ ದಿನ ಒಂದೇ ಕಡೆ ತಯಾರಾದ ಡಿಸ್ಕ್‌ಗಳಲ್ಲಿ ಏನಾದರೂ ದೋಷ ಇದ್ದರೆ ಎಲ್ಲವೂ ಹತ್ತಿರ ಹತ್ತಿರದಲ್ಲೇ ಕೈಕೊಡುವ ಭಯ ಇರುತ್ತದೆ. ಬೆಂಗಳೂರಿನಿಂದ ರೈಲಿನಲ್ಲಿ ತರುವಾಗ ಆ ಎರಡನ್ನೂ ತೊಡೆಯ ಮೇಲೇ ಇಟ್ಟುಕೊಂಡು ಬಂದೆ. ತಂದ ಮೇಲೆ ಮೊದಲ ಕೆಲಸ ಸೀರಿಯಲ್ ನಂಬರ್ ಹಾಕಿ ವಾರಂಟಿ ಇದೆಯಾ ಅಂತ ಕಂಪನಿಯ ಸೈಟಿನಲ್ಲಿ ನೋಡಿದ್ದು. ಬಳಸಿದ ಡಿಸ್ಕನ್ನು ಹೊಸದು ಅಂತ ಮಾರುವುದು ಈ ವ್ಯಾಪಾರದಲ್ಲಿ ಇದೆ.

ಇನ್ನು ಪರೀಕ್ಷೆ. ಈ ಭಾಗವನ್ನು ಯಾರೂ ಬಿಡಬಾರದು ಅಂತ ಕೈಮುಗಿದು ಕೇಳುತ್ತೇನೆ. ಹೊಸ ಡಿಸ್ಕ್ ಬಂದ ತಕ್ಷಣ ಫೋಟೋ ತುಂಬುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಖಾಲಿ ಇರುವಾಗಲೇ ಅದನ್ನು ಚೆನ್ನಾಗಿ ದುಡಿಸಿ ನೋಡಬೇಕು. ಪೆನ್‌ಡ್ರೈವ್‌ನಿಂದ ಲಿನಕ್ಸ್ ಶುರು ಮಾಡಿ, ಬ್ಯಾಡ್‌ಬ್ಲಾಕ್ಸ್ ಅನ್ನುವ ಉಪಕರಣ ಓಡಿಸಿದೆ. ಇದು ಇಡೀ ಡಿಸ್ಕ್‌ನ ಮೇಲೆ ನಾಲ್ಕು ಬೇರೆ ಬೇರೆ ನಮೂನೆ ಬರೆಯುತ್ತದೆ. ಪ್ರತಿ ಸಲವೂ ಬರೆದದ್ದನ್ನು ಓದಿ ತಾಳೆ ನೋಡುತ್ತದೆ. ಡಿಸ್ಕ್‌ನಲ್ಲಿ ಏನಿದ್ದರೂ ಅಳಿಸಿಹೋಗುತ್ತದೆ, ಹಾಗಾಗಿ ಖಾಲಿ ಡಿಸ್ಕ್‌ಗೆ ಮಾತ್ರ ಇದನ್ನು ಮಾಡಬೇಕು. ದೊಡ್ಡ ಡಿಸ್ಕ್ ಆದರೆ ಬ್ಲಾಕ್ ಸೈಜ್ 4096 ಅಂತ ಕೊಡಬೇಕು. ಇಲ್ಲದಿದ್ದರೆ ಲೆಕ್ಕಕ್ಕೆ ಮೀರುತ್ತದೆ ಅಂತ ಶುರುವಾಗುವುದೇ ಇಲ್ಲ. 8 ಟಿಬಿಗೆ ಇದು ದಿನಗಟ್ಟಲೆ ಹಿಡಿಯುತ್ತದೆ. ಹಿಡಿಯಲಿ ಬಿಡಿ.

ಅದು ಮುಗಿದ ಮೇಲೆ ಸ್ಮಾರ್ಟ್ ವರದಿ ನೋಡಬೇಕು. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ ಇದು. ಅದರಲ್ಲಿ ಹತ್ತಾರು ಸಾಲು ಇರುತ್ತವೆ. ನಾನು ಮೊದಲು ನೋಡುವುದು 5, 197, 198 ಮತ್ತು 199ನೇ ಸಾಲು. 5 ಅಂದರೆ ಕೆಟ್ಟು ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು (ಡಿಸ್ಕ್‌ನ ಚಿಕ್ಕ ಚಿಕ್ಕ ತುಂಡುಗಳು). 197 ಅಂದರೆ ಓದಲಾಗದೆ ಅನುಮಾನದಲ್ಲಿರುವವು. 198 ಅಂದರೆ ಸರಿಪಡಿಸಲು ಆಗದವು. ಹೊಸ ಡಿಸ್ಕ್‌ನಲ್ಲಿ ಈ ಮೂರೂ ಸೊನ್ನೆ ಇರಬೇಕು. ನಮ್ಮ ನಾಲ್ಕರಲ್ಲಿ ಒಂದರ 197ನೇ ಸಾಲಿನಲ್ಲಿ ಅಂಕಿ ಏರುತ್ತಾ ಹೋಯಿತು. ಮೈಸೂರಿನ ಅಂಗಡಿಗೆ ವರದಿಯ ಪ್ರಿಂಟ್ ಸಮೇತ ಒಯ್ದೆ. ಅವರು ಮರುಮಾತಿಲ್ಲದೆ ಬದಲಿಸಿಕೊಟ್ಟರು. ಎರಡು ತಿಂಗಳಾದ ಮೇಲೆ ಹೋಗಿದ್ದರೆ ಕಂಪನಿಗೆ ಕಳಿಸಿ ಕಾಯಬೇಕಿತ್ತು. ಇನ್ನೊಂದರಲ್ಲಿ 199 ಏರಿತು. ಅದು ಸಾಮಾನ್ಯವಾಗಿ ಡಿಸ್ಕ್‌ನ ತಪ್ಪಲ್ಲ, ಕೇಬಲ್‌ನದು. ಸಾಟಾ ಕೇಬಲ್ ಬದಲಿಸಿದ ಮೇಲೆ ಅಂಕಿ ಅಲ್ಲೇ ನಿಂತಿತು. ಹಳೆಯ ಅಂಕಿ ಅಳಿಯುವುದಿಲ್ಲ, ಏರದಿದ್ದರೆ ಸಾಕು.

ಮಂಡ್ಯದ ಏಪ್ರಿಲ್ ಬಿಸಿಲು ಗೊತ್ತಲ್ಲ. ಪರೀಕ್ಷೆ ನಡೆಯುವಾಗ ಮಧ್ಯಾಹ್ನದ ಹೊತ್ತಿಗೆ ಮಧ್ಯದ ಎರಡು ಡಿಸ್ಕ್ 50 ಡಿಗ್ರಿ ದಾಟಿದವು. ತಯಾರಕರು 60ರವರೆಗೆ ಅಂತ ಬರೆದಿರುತ್ತಾರೆ. ಆದರೆ ವರ್ಷಗಟ್ಟಲೆ ಓಡಬೇಕಾದ್ದು 45ರ ಒಳಗಿದ್ದರೆ ನನಗೆ ಸಮಾಧಾನ. ಮೇಲುಮನೆ ರೂಮಿನಿಂದ ಪೆಟ್ಟಿಗೆಯನ್ನು ಕೆಳಗಿನ ನಡುಮನೆಗೆ ತಂದೆವು. ಡಿಸ್ಕ್‌ಗಳನ್ನು ಬಿಡಿಸಿ ನಡುವೆ ಗಾಳಿ ಆಡುವ ಹಾಗೆ ಕೂರಿಸಿದೆ. ಅಷ್ಟಕ್ಕೇ ಎಂಟು ಹತ್ತು ಡಿಗ್ರಿ ಇಳಿಯಿತು.

ಕರೆಂಟಿನ ವಿಷಯದಲ್ಲಿ ಎರಡು ಚಿಂತೆ. ಮೊದಲನೆಯದು ಹೋಗಿ ಬರುವ ಕರೆಂಟು. ಮನೆಯಲ್ಲಿ ಇನ್‌ವರ್ಟರ್ ಇದೆ, ಸೈನ್ ವೇವ್‌ದೇ. ಆದರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗಲು ಅದು ತಗೊಳ್ಳುವ ಕ್ಷಣ ಫ್ಯಾನಿಗೆ ಸಾಕು, ಕಂಪ್ಯೂಟರಿಗೆ ಕೆಲವೊಮ್ಮೆ ಸಾಲದು. ಬಹಳ ಇನ್‌ವರ್ಟರ್‌ಗಳ ಮೇಲೆ ಯುಪಿಎಸ್ ಮೋಡ್ ಅಂತ ಒಂದು ಸ್ವಿಚ್ ಇರುತ್ತದೆ. ಅದನ್ನು ಹಾಕಿದರೆ ಬದಲಾವಣೆ ಬೇಗ ಆಗುತ್ತದೆ. ಅದರ ಜೊತೆಗೆ ಯುಎಸ್‌ಬಿ ತಂತಿ ಇರುವ ಒಂದು ಚಿಕ್ಕ ಯುಪಿಎಸ್ ಇಟ್ಟೆ. ಕರೆಂಟ್ ಹೋಗಿ ಬ್ಯಾಟರಿ ಇಳಿಯುತ್ತಾ ಬಂದರೆ ಆ ತಂತಿಯ ಮೂಲಕ ಸರ್ವರ್‌ಗೆ ತಿಳಿಯುತ್ತದೆ, ಅದು ತಾನಾಗಿಯೇ ನೀಟಾಗಿ ಆಫ್ ಆಗುತ್ತದೆ. ಗೋಡೆಯ ಪ್ಲಗ್‌ನಲ್ಲಿ ಅರ್ಥಿಂಗ್ ಸರಿಯಾಗಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿದೆವು.

ಎರಡನೆಯ ಚಿಂತೆ ಅಪ್ಪನದು. "ಅದು ರಾತ್ರಿಯೆಲ್ಲಾ ಓಡ್ತಾನೇ ಇರ್ಬೇಕಾ?" ಅಂತ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಅದರ ಹಳೆಯ ಸರಾಸರಿ ಬಳಕೆಯನ್ನು ನೋಡಿ ಉಚಿತ ಮಿತಿ ಕಟ್ಟಿರುತ್ತಾರೆ. ಅದನ್ನು ಮೀರಿದ ಯೂನಿಟ್‌ಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ಲೇ ಬರುತ್ತದೆ. ಪ್ಲಗ್‌ಗೆ ಹಾಕುವ ಮೀಟರ್‌ನಲ್ಲಿ ಅಳೆದೆ. ಸುಮ್ಮನೆ ಓಡುವಾಗ ಸುಮಾರು 45 ವ್ಯಾಟ್ ತೋರಿಸಿತು. 24 ಗಂಟೆಯೂ ಓಡಿದರೆ ತಿಂಗಳಿಗೆ 32 ಯೂನಿಟ್. ರಾತ್ರಿ 11ಕ್ಕೆ ಆಫ್ ಆಗುವ ಹಾಗೆ ಸಾಫ್ಟ್‌ವೇರ್‌ನಲ್ಲಿ, ಬೆಳಿಗ್ಗೆ 8ಕ್ಕೆ ತಾನೇ ಏಳುವ ಹಾಗೆ ಮದರ್‌ಬೋರ್ಡ್‌ನಲ್ಲಿ ಟೈಮ್ ಹಾಕಿದೆ. ಈಗ 20 ಯೂನಿಟ್ ಆಸುಪಾಸು. ದಿನಕ್ಕೆ ಒಂದು ಸಲ ಆಫ್ ಆನ್ ಆಗುವುದರಿಂದ ಡಿಸ್ಕ್‌ಗೆ ಏನೂ ಆಗುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಮಲಗಿಸಿ ಎಬ್ಬಿಸುವ ಸೆಟ್ಟಿಂಗ್ ಮಾತ್ರ ನನಗೆ ಇಷ್ಟ ಇಲ್ಲ.

ಒಂದು ದುಬಾರಿ ಡಿಸ್ಕ್‌ನ ಬದಲು ಹಲವು ಅಗ್ಗದ ಡಿಸ್ಕ್‌ಗಳನ್ನು ಸೇರಿಸಿ ಬಳಸುವ ಯೋಚನೆಗೆ ರೇಡ್ ಅಂತ ಹೆಸರು ಕೊಟ್ಟು 1988ರಲ್ಲಿ ಪ್ರಬಂಧ ಬರೆದವರು ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್‌ಸನ್, ಗಿಬ್ಸನ್ ಮತ್ತು ಕಾಟ್ಜ್. ಡಿಸ್ಕ್ ಜಾಸ್ತಿ ಆದಷ್ಟೂ ಯಾವುದಾದರೂ ಒಂದು ಕೆಡುವ ಸಂಭವವೂ ಜಾಸ್ತಿ, ಆದ್ದರಿಂದ ಹೆಚ್ಚುವರಿ ಲೆಕ್ಕ ಬರೆದಿಡಬೇಕು ಅನ್ನುವುದನ್ನು ಅವರು ಆಗಲೇ ತೋರಿಸಿದ್ದರು. ನಾನು ಬಳಸಿದ್ದು ಝಡ್‌ಎಫ್‌ಎಸ್, ಅಂದರೆ ಹಲವು ಡಿಸ್ಕ್‌ಗಳನ್ನು ಹೀಗೆ ಸೇರಿಸಿ ಅವುಗಳ ಮೇಲೆ ಫೈಲ್‌ಗಳನ್ನು ಇಡುವ ಒಂದು ವ್ಯವಸ್ಥೆ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 2001ರಲ್ಲಿ ಇದನ್ನು ಕಟ್ಟಲು ಶುರು ಮಾಡಿ 2005ರಲ್ಲಿ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿಟ್ಟಿತು. ಇದನ್ನೇ ಆರಿಸಲು ಕಾರಣ ಆ ಬೂದು ಫೋಟೋಗಳು. ಝಡ್‌ಎಫ್‌ಎಸ್ ಪ್ರತಿ ಬ್ಲಾಕ್‌ಗೂ ಒಂದು ಚೆಕ್‌ಸಮ್, ಅಂದರೆ ಅದರೊಳಗಿನ ಡೇಟಾದಿಂದ ಲೆಕ್ಕ ಹಾಕಿದ ತಾಳೆ ಅಂಕಿ, ಬರೆದಿಡುತ್ತದೆ. ಓದುವಾಗ ತಾಳೆ ಆಗದಿದ್ದರೆ ಉಳಿದ ಡಿಸ್ಕ್‌ಗಳಿಂದ ಸರಿಯಾದದ್ದನ್ನು ಕಟ್ಟಿಕೊಟ್ಟು, ಕೆಟ್ಟ ಜಾಗವನ್ನೂ ತಿದ್ದುತ್ತದೆ. ಹತ್ತು ವರ್ಷ ಯಾರೂ ತೆರೆಯದ ಆಲ್ಬಂಗೆ ಇದಕ್ಕಿಂತ ಬೇಕಾದ್ದು ಏನಿದೆ?

ನಾಲ್ಕು ಡಿಸ್ಕನ್ನು ಹೇಗೆ ಜೋಡಿಸುವುದು ಅಂತ ಸ್ವಲ್ಪ ದಿನ ಯೋಚಿಸಿದೆ. ಎರಡೆರಡು ಜೋಡಿ ಮಾಡಿ ಒಂದರ ನಕಲು ಇನ್ನೊಂದು ಅಂತ ಇಟ್ಟರೂ 16 ಟಿಬಿ ಸಿಗುತ್ತದೆ. ಝಡ್‌ಎಫ್‌ಎಸ್‌ನ ರೇಡ್‌ಝಡ್2 ವಿಧಾನದಲ್ಲಿ, ಅಂದರೆ ಎರಡು ಡಿಸ್ಕ್‌ನಷ್ಟು ಜಾಗವನ್ನು ಹೆಚ್ಚುವರಿ ಲೆಕ್ಕಕ್ಕೆ ಬಿಟ್ಟರೂ ಅಷ್ಟೇ. ಜೋಡಿ ವಿಧಾನದಲ್ಲಿ ವೇಗ ಚೆನ್ನಾಗಿದೆ, ಮುಂದೆ ಎರಡು ಡಿಸ್ಕ್ ಸೇರಿಸಿ ಬೆಳೆಸುವುದೂ ಸುಲಭ. ಆದರೆ ಒಂದೇ ಜೋಡಿಯ ಎರಡೂ ಹೋದರೆ ಎಲ್ಲವೂ ಹೋಯಿತು. ರೇಡ್‌ಝಡ್2ರಲ್ಲಿ ಯಾವ ಎರಡು ಹೋದರೂ ಡೇಟಾ ಉಳಿಯುತ್ತದೆ. ನಮಗೆ ಬೇಕಾದ್ದು ಅದೇ. ಇನ್ನು ಬೆಳೆಸುವ ವಿಷಯ. ಇರುವ ರೇಡ್‌ಝಡ್‌ಗೆ ಒಂದೊಂದೇ ಡಿಸ್ಕ್ ಸೇರಿಸುವ ಸೌಲಭ್ಯ 2025ರ ಜನವರಿಯಲ್ಲಿ ಬಂದ ಓಪನ್‌ಝಡ್‌ಎಫ್‌ಎಸ್ (ಝಡ್‌ಎಫ್‌ಎಸ್‌ನ ಮುಕ್ತ ಆವೃತ್ತಿ) 2.3ರಲ್ಲಿದೆ. ಮದರ್‌ಬೋರ್ಡ್‌ನಲ್ಲಿ ಪೋರ್ಟ್ ಖಾಲಿ ಇದೆ, ಬೇಕಾದಾಗ ನೋಡಿಕೊಳ್ಳೋಣ.

ಇದನ್ನೆಲ್ಲ ನಡೆಸುವ ಸಾಫ್ಟ್‌ವೇರ್ ಟ್ರೂನ್ಯಾಸ್, ಮಾಮೂಲಿ ಕಂಪ್ಯೂಟರನ್ನೇ ನ್ಯಾಸ್ ಮಾಡುವ ಆಪರೇಟಿಂಗ್ ಸಿಸ್ಟಂ. ಅದಕ್ಕೆ ಒಂದು ಚಿಕ್ಕ ಎಸ್‌ಎಸ್‌ಡಿ ಪ್ರತ್ಯೇಕ ಬೇಕು, ಅದನ್ನು ಪೂರ್ತಿ ಅದೇ ತಗೊಳ್ಳುತ್ತದೆ. ಹಾಕುವುದು ಸುಲಭ. ಎಲ್ಲ ಮುಗಿದ ಮೇಲೆ ಅಣ್ಣ ಪರದೆ ನೋಡಿ, "16 ಅಂದೆ, 14 ಚಿಲ್ಲರೆ ತೋರಿಸ್ತದಲ್ಲೋ" ಅಂದ. ಡಿಸ್ಕ್ ಮಾರುವವರು ಸಾವಿರದ ಲೆಕ್ಕದಲ್ಲಿ ಟಿಬಿ ಎಣಿಸುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಹಾಗಾಗಿ 8 ಅನ್ನುವುದು 7.27 ಆಗುತ್ತದೆ. ಅದರಲ್ಲೂ 80 ಭಾಗಕ್ಕಿಂತ ಜಾಸ್ತಿ ತುಂಬದಿದ್ದರೆ ಒಳ್ಳೆಯದು ಅಂತಲೂ ಹೇಳಿದೆ.

ಡೇಟಾ ತುಂಬಲು ಶುರು ಮಾಡಿದಾಗ ಸೆಕೆಂಡಿಗೆ 11 ಎಂಬಿ ಮಾತ್ರ ಬರುತ್ತಿತ್ತು. ಆ ವೇಗದಲ್ಲಿ 1 ಟಿಬಿಗೆ ಒಂದು ದಿನ ಬೇಕು. ಗೋಡೆಯೊಳಗಿನ ಕೇಬಲ್ ಬಿಚ್ಚಿ ನೋಡಿದರೆ ಎಂಟು ತಂತಿಯಲ್ಲಿ ನಾಲ್ಕನ್ನು ಮಾತ್ರ ಕ್ರಿಂಪ್ ಮಾಡಿದ್ದರು. ನಾಲ್ಕು ತಂತಿಯಲ್ಲಿ 100 ಎಂಬಿಪಿಎಸ್ ಮಾತ್ರ ಹೋಗುತ್ತದೆ, ಗಿಗಾಬಿಟ್‌ಗೆ ಎಂಟೂ ಬೇಕು. ಕ್ಯಾಟ್ 6 ಕೇಬಲ್ ಎಳೆದು ಒಂದು ಗಿಗಾಬಿಟ್ ಸ್ವಿಚ್ ಹಾಕಿದ ಮೇಲೆ ಸೆಕೆಂಡಿಗೆ 110 ಎಂಬಿ ಬಂತು. 1 ಟಿಬಿಗೆ ಎರಡೂವರೆ ಗಂಟೆ.

2016ರ ಆ ಡಿಸ್ಕನ್ನು ಕೊನೆಗೆ ಇಟ್ಟುಕೊಂಡೆ. ಅದರಿಂದ ನೇರವಾಗಿ ಫೈಲ್ ಕಾಪಿ ಮಾಡಲಿಲ್ಲ. ಡಿಡಿರೆಸ್ಕ್ಯೂ ಅನ್ನುವ ಉಪಕರಣ ಇದೆ. ಮೊದಲು ಸಲೀಸಾಗಿ ಓದಲಾಗುವ ಜಾಗವನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗವನ್ನು ದಾಟಿಕೊಂಡು ಹೋಗುತ್ತದೆ. ಆಮೇಲೆ ಬಿಟ್ಟ ಜಾಗಗಳಿಗೆ ಮತ್ತೆ ಮತ್ತೆ ಬರುತ್ತದೆ. ಎಲ್ಲಿವರೆಗೆ ಬಂತು ಅನ್ನುವುದನ್ನು ಒಂದು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ, ಹಾಗಾಗಿ ನಡುವೆ ನಿಲ್ಲಿಸಿ ಡಿಸ್ಕ್ ತಣ್ಣಗಾಗಲು ಬಿಡಬಹುದು. ಹೀಗೆ ನಿಧಾನವಾಗಿ ಬಹುಪಾಲು ಮೇಲೆ ಬಂತು. ಕೆಲವು ಫೋಟೋಗಳು ಬೂದಾಗಿಯೇ ಉಳಿದವು. ಧಾರೆಯ ಫೋಟೋಗಳಲ್ಲಿ ಆ ತಾಯಿ ಇದ್ದ ಮೂರು ಚೆನ್ನಾಗಿ ಬಂದವು. ಅಣ್ಣ ಅವತ್ತೇ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ ಹಲಗೂರಿಗೆ ತಾನೇ ತಗೊಂಡು ಹೋದ. ದುಡ್ಡು ತಗೊಳ್ಳಲಿಲ್ಲ.

ಎಲ್ಲ ತುಂಬಿದ ಮೇಲೆ, ಹಳೆಯ ಡಿಸ್ಕ್‌ಗಳನ್ನು ಇನ್ನೂ ಅಳಿಸದೆ ಇರುವಾಗಲೇ, ಒಂದು ಭಾನುವಾರ ಅಣ್ಣನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಸರ್ವರ್ ಆಫ್ ಮಾಡಿ ಒಂದು ಡಿಸ್ಕ್‌ನ ಕೇಬಲ್ ಬಿಚ್ಚಲು ಹೋದೆ. "ಲೋ ಬೇಡ ಕಣ್ಲಾ, ಸುಮ್ಕಿರು" ಅಂದ. ಬಿಚ್ಚಿ ಆನ್ ಮಾಡಿದೆ. ಒಂದು ಡಿಸ್ಕ್ ಕಾಣೆಯಾಗಿದೆ ಅಂತ ಇಬ್ಬರ ಫೋನಿಗೂ ಮೇಲ್ ಬಂತು. ಆಲ್ಬಂ ತೆರೆದೆವು, ಎಲ್ಲ ಫೋಟೋ ಇದ್ದವು. ಆಮೇಲೆ ಎರಡನೆಯದನ್ನೂ ಬಿಚ್ಚಿದೆ. ಆಗಲೂ ವಿಡಿಯೋ ತಡೆಯಿಲ್ಲದೆ ಓಡಿತು. ಎರಡನ್ನೂ ವಾಪಸ್ ಹಾಕಿದಾಗ, ಆ ನಡುವೆ ಬದಲಾದದ್ದನ್ನು ಮಾತ್ರ ಬರೆದುಕೊಂಡು ಸ್ವಲ್ಪ ಹೊತ್ತಿನಲ್ಲೇ ಎಲ್ಲ ಹಸಿರಾಯಿತು. ಅಣ್ಣನಿಗೆ ನಂಬಿಕೆ ಬಂದದ್ದು ಅವತ್ತು. ಈ ಕೆಲಸಕ್ಕೆ ಮುಂಚೆ ಪ್ರತಿ ಡಿಸ್ಕ್‌ನ ಮುಂಭಾಗದಲ್ಲಿ ಅದರ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಂಕಿ ಬರೆದು ಅಂಟಿಸಿದ್ದೆ. ನಿಜವಾಗಿ ಒಂದು ಕೆಟ್ಟ ದಿನ ಗಾಬರಿಯಲ್ಲಿ ಸರಿಯಾಗಿರುವ ಡಿಸ್ಕನ್ನು ಎಳೆಯಬಾರದಲ್ವಾ?

ಇಷ್ಟೆಲ್ಲ ಆದರೂ ಇದು ಬ್ಯಾಕಪ್ ಅಲ್ಲ. ಯಾರಾದರೂ ಫೋಲ್ಡರ್ ಅಳಿಸಿದರೆ ನಾಲ್ಕೂ ಡಿಸ್ಕ್‌ನಿಂದ ಒಟ್ಟಿಗೆ ಅಳಿಯುತ್ತದೆ. ಅದಕ್ಕೆ ದಿನಾ ಸ್ನ್ಯಾಪ್‌ಶಾಟ್ ಇಟ್ಟಿದ್ದೇನೆ, ನಿನ್ನೆಯ ಸ್ಥಿತಿಗೆ ಹಿಂತಿರುಗಬಹುದು. ಆದರೆ ಮುಂಗಾರಿಗೆ ಮುಂಚಿನ ಸಿಡಿಲಿಗೆ ಪೆಟ್ಟಿಗೆಯೇ ಸುಟ್ಟುಹೋದರೆ? ಕಳ್ಳತನ ಆದರೆ? ಫೋಟೋಗ್ರಾಫರ್ ಪೀಟರ್ ಕ್ರೋ ಜನಪ್ರಿಯ ಮಾಡಿದ 3-2-1 ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ ಅಥವಾ ಬೇರೆ ಮನೆಯಲ್ಲಿ. ನಮ್ಮಕ್ಕ ಮೈಸೂರಿನ ಕುವೆಂಪುನಗರದಲ್ಲಿದ್ದಾಳೆ. ಎರಡು ದೊಡ್ಡ ಡಿಸ್ಕ್‌ಗೆ ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿ, ಒಂದು ಅವಳ ಮನೆಯಲ್ಲಿ, ಒಂದು ಇಲ್ಲಿ ಅಂತ ಇಟ್ಟಿದ್ದೇವೆ. ಕೆಲಸಕ್ಕೆ ಹೋಗುವಾಗ ಹೊಸ ಪ್ರತಿ ಕೊಟ್ಟು ಹಳೆಯದನ್ನು ತರುತ್ತೇನೆ. ಪಾಸ್‌ವರ್ಡ್ ಕಾಗದದ ಮೇಲೆ ಬರೆದು ಅಪ್ಪನ ಹತ್ತಿರ, ಮನೆ ಪತ್ರಗಳ ಜೊತೆ ಇದೆ.

ತಿಂಗಳಿಗೊಮ್ಮೆ ಸ್ಕ್ರಬ್ ಓಡುತ್ತದೆ. ಅಂದರೆ ಇರುವ ಪ್ರತಿಯೊಂದು ಬ್ಲಾಕನ್ನೂ ಓದಿ ಚೆಕ್‌ಸಮ್ ತಾಳೆ ನೋಡುವುದು. ಇದುವರೆಗೆ ತಪ್ಪು ಸೊನ್ನೆ ಅಂತಲೇ ಮೇಲ್ ಬಂದಿದೆ.

ಈಗ ಅಣ್ಣ ಸ್ಟುಡಿಯೋದ ಅಟ್ಟದಿಂದ ಎರಡು ಚೀಲ ಮಿನಿ ಡಿವಿ ಟೇಪ್ ಇಳಿಸಿದ್ದಾನೆ. ಡಿಜಿಟಲ್ ಕ್ಯಾಮೆರಾ ಶುರುವಾದ ಹೊಸತರಲ್ಲಿ ತೆಗೆದ ಮದುವೆಗಳು. ಒಂದು ಗಂಟೆಯ ಟೇಪಿಗೆ 13 ಜಿಬಿ ಬೇಕು, ಜಾಗಕ್ಕೆ ತೊಂದರೆ ಇಲ್ಲ. ಹಳೆಯ ಹ್ಯಾಂಡಿಕ್ಯಾಮ್ ಇನ್ನೂ ಓಡುತ್ತದೆ. ಅದರಿಂದ ಟೇಪಿನ ವಿಡಿಯೋವನ್ನು ಕಂಪ್ಯೂಟರಿಗೆ ಇಳಿಸಲು ಫೈರ್‌ವೈರ್ ಕಾರ್ಡ್ ಒಂದು ಸಿಗಬೇಕು. ಮುಂದಿನ ಸಲ ಎಸ್.ಪಿ. ರಸ್ತೆಗೆ ಹೋದಾಗ ಹಳೆಯ ಕಾರ್ಡ್ ಮಾರುವ ಅಂಗಡಿಗಳಲ್ಲಿ ಹುಡುಕುತ್ತೇನೆ.